ಎಟರ್ನಲ್, ಮೂರನೆಯ ಅರ್ಥ

ಆ ಪದಕೋಶದ ಕಚೇರಿಯಲ್ಲಿ ಒಂದು ವಿಚಿತ್ರ ಕಟ್ಟುಪಾಡಿತ್ತು. ಇಂಗ್ಲಿಷ್ ಪದ, ಅದಕ್ಕೆ ನಮ್ಮ ಮಾತಿನಲ್ಲಿ ಅರ್ಥ, ಅದರ ಕೆಳಗೊಂದು ಉದಾಹರಣೆಯ ವಾಕ್ಯ, ಇಷ್ಟು ಎಲ್ಲ ಪದಕೋಶದಲ್ಲೂ ಇರುತ್ತದೆ. ಆದರೆ ಇಲ್ಲಿ ಆ ವಾಕ್ಯವನ್ನು ಯಾರೂ ಕೂತು ಹೊಸೆಯುವಂತಿರಲಿಲ್ಲ. ಯಾರಾದರೂ ಎಲ್ಲಾದರೂ ಬಾಯಿಬಿಟ್ಟು ಆಡಿದ ಮಾತೇ ಆಗಬೇಕು. ಹೇಳಿದವರು ಯಾರು, ಯಾರ ಬಗ್ಗೆ, ಎಲ್ಲಿ, ಯಾವ ದಿನ ಎಂದು ಅಂಗೈಯಗಲದ ಚೀಟಿಯಲ್ಲಿ ಬರೆದು ಮರದ ಖಾನೆಯಲ್ಲಿ ಹಾಕಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಪುಸ್ತಕ ಎರಡನೆಯ ಸಲ ಅಚ್ಚಿಗೆ ಹೋಗುವಾಗ ಪ್ರತಿ ವಾಕ್ಯವೂ ಇನ್ನೂ ನಿಜವಾಗಿಯೇ ಇದೆಯೇ ಎಂದು ತಿರುಗಿ ವಿಚಾರಿಸಬೇಕು. "ಮಾರುಕಟ್ಟೆ ಹತ್ತಿರದ ಸೇತುವೆ ಮರದ್ದು" ಎಂಬ ವಾಕ್ಯ ಹೋಯಿತು, ಸೇತುವೆ ಈಗ ಕಾಂಕ್ರೀಟಿನದು. "ನಮ್ಮ ಪಕ್ಕದ ಮನೆಯವನಿಗೆ ತಲೆತುಂಬ ಕೂದಲು" ಎಂಬುದೂ ಹೋಯಿತು, ಯಾಕೆಂದು ಹೇಳಬೇಕಾಗಿಲ್ಲ. ಕಚೇರಿ ಕಟ್ಟಿದ ಹಿರಿಯರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಆದರೂ ಅವರು ಹಿಡಿದ ಮೊಲಕ್ಕೆ ಇವತ್ತಿಗೂ ಮೂರೇ ಕಾಲು.

ಈ ವಿಚಾರಣೆಯ ಕೆಲಸ ನಿವೃತ್ತ ಮೇಷ್ಟ್ರೊಬ್ಬರದು. ಕೆಂಪು ಪೆನ್ಸಿಲ್ ಹಿಡಿದು ಪುಟದ ಅಂಚಿನಲ್ಲಿ "ಈಗಲೂ ನಿಜವೇ?" ಎಂದು ಬರೆದು ಬರೆದು ಅವರಿಗೆ ನಿಜವೇ ಮೇಷ್ಟ್ರು ಎಂದೇ ಹೆಸರು ಬಿದ್ದಿತ್ತು. ಮನೆಯಲ್ಲಿ ಹೆಂಡತಿ ಊಟ ಆಯಿತು ಎಂದರೂ ಅವರು ಹಾಗೇ ಕೇಳುತ್ತಾರೆ ಎಂದು ಕಚೇರಿಯಲ್ಲಿ ನಗುತ್ತಿದ್ದರು. ಚೀಟಿ ಬರೆಯುವವಳಿಗೆ ಚೀಟಿಯಮ್ಮ ಎಂಬ ಹೆಸರು. ಇಪ್ಪತ್ತನೆಯ ವಯಸ್ಸಿನಲ್ಲಿ ಸೇರಿದವಳು, ಈಗ ನಲವತ್ತರ ಮೇಲಾಗಿತ್ತು. ಬಸ್ಸಿನಲ್ಲಿ ಪಕ್ಕದವರು ಆಡುವ ಮಾತಿಗೂ ಕೈ ಚೀಲದೊಳಕ್ಕೆ ಹೋಗಿ ಚೀಟಿ ಹುಡುಕುವಷ್ಟು ಅವಳಿಗೆ ಆ ಚಟ.

ಆವತ್ತು ಸಂಜೆ ಐದಕ್ಕೆ ಅಚ್ಚಿನ ಮನೆಯ ಗಾಡಿ ಬಂದು ಹಾಳೆಗಳನ್ನು ಒಯ್ಯುವುದಿತ್ತು. ಮಧ್ಯಾಹ್ನ ಎರಡಕ್ಕೆ ಮೇಷ್ಟ್ರು ಒಂದು ಪುಟ ತಂದು ಅವಳ ಮೇಜಿನ ಮೇಲಿಟ್ಟರು.

"ಇದೊಂದು ಉಳಿದಿದೆ ಚೀಟಿಯಮ್ಮ. ನಿಮ್ಮದೇ."

ಪದ ಎಟರ್ನಲ್. ಮೊದಲ ಅರ್ಥ, ಆದಿ ಅಂತ್ಯ ಇಲ್ಲದ, ನಿತ್ಯ. ಉದಾಹರಣೆ, ದೇವರು ಎಟರ್ನಲ್. ಇದು ಈಗಲೂ ನಿಜವೇ ಎಂದು ಯಾರನ್ನು ಕೇಳುವುದು? ಮೇಷ್ಟ್ರು ಎರಡು ದಿನ ಮಂಡೆ ಬಿಸಿ ಮಾಡಿಕೊಂಡು ಕೊನೆಗೆ "ಎಂದು ನನ್ನ ಸೋದರಮಾವ ನಂಬಿದ್ದಾರೆ" ಎಂಬ ಬಾಲ ಸೇರಿಸಿ ಕೈತೊಳೆದುಕೊಂಡಿದ್ದರು. ಎರಡನೆಯ ಅರ್ಥ, ಕಾಲದಿಂದ ಬದಲಾಗದ, ಶಾಶ್ವತ. ಉದಾಹರಣೆ, ಎರಡೂ ಎರಡೂ ನಾಲ್ಕು ಎಂಬುದು ಎಟರ್ನಲ್ ಸತ್ಯ. ಮೇಷ್ಟ್ರು ಬೆರಳು ಮಡಚಿ ಎಣಿಸಿ ಟಿಕ್ ಹಾಕಿದ್ದರು. ಮೂರನೆಯದು ಆಡುಮಾತಿನ ಅರ್ಥ. ಮುಗಿಯದ, ಪದೇ ಪದೇ ಬಂದು ಬೇಸರ ತರುವ. ಉದಾಹರಣೆ, "ನಮ್ಮಕ್ಕನ ಎಟರ್ನಲ್ ಗೊಣಗಾಟ ಕೇಳಿ ಕೇಳಿ ಸಾಕಾಗಿದೆ."

ಅಂಚಿನಲ್ಲಿ ಕೆಂಪು ಪೆನ್ಸಿಲ್. ಈಗಲೂ ನಿಜವೇ?

ಚೀಟಿಯಮ್ಮನಿಗೆ ನಗು ಬಂತು. ಹದಿನೆಂಟು ವರ್ಷದ ಹಿಂದೆ ಈ ಚೀಟಿ ಬರೆದವಳು ಅವಳೇ. ಹೇಳಿದವರು, ತಂಗಿ. ಯಾರ ಬಗ್ಗೆ, ಅಕ್ಕ. ಎಲ್ಲಿ, ಅಡುಗೆಮನೆ. ಅಮ್ಮ ಹೋದ ಮೇಲೆ ಬಟ್ಟೆ ಹೊಲಿದು ಅವಳನ್ನು ಓದಿಸಿದ ಅಕ್ಕ. ಆ ಅಕ್ಕನ ಬಾಯಿ ಅಂದರೆ ಬಾಯಿ. ತಲೆ ಬಾಚಿಲ್ಲ, ನಲ್ಲಿ ಸರಿಯಾಗಿ ನಿಲ್ಲಿಸಿಲ್ಲ, ಒದ್ದೆ ಛತ್ರಿ ಕುರ್ಚಿ ಮೇಲೆ, ಚಪ್ಪಲಿ ಒಳಗೆ, ಅನ್ನ ಅರ್ಧಕ್ಕೇ ಬಿಟ್ಟೆ, ದೀಪ ಯಾರಪ್ಪ ಆರಿಸ್ತಾನೆ. ಬೆಳಿಗ್ಗೆ ಹಾಲು ಉಕ್ಕುವುದರೊಂದಿಗೆ ಶುರುವಾದರೆ ಹೊಲಿಗೆ ಯಂತ್ರದ ಸದ್ದಿನ ಜೊತೆ ಸಂಜೆವರೆಗೆ ಓಡುತ್ತಿತ್ತು. ಪುಸ್ತಕ ಅಚ್ಚಾಗಿ ಬಂದ ದಿನ ಚೀಟಿಯಮ್ಮ ಮೊದಲ ಪ್ರತಿಯನ್ನು ಆ ಅಕ್ಕನಿಗೇ ಒಯ್ದು, ಆ ಪುಟವನ್ನೇ ತೆಗೆದು, "ನೋಡು, ನೀನು ಪದಕೋಶದಲ್ಲಿ ಇದ್ದೀಯ!" ಎಂದು ಕುಣಿದಿದ್ದಳು.

ಅವಳು ಪೆನ್ಸಿಲ್ ತೆಗೆದುಕೊಂಡು "ಹೌದು" ಎಂದು ಬರೆಯಹೊರಟಳು. ಹೌ ಬರೆದಾಗಿತ್ತು, ಕೈ ನಿಂತಿತು.

ಅಕ್ಕ ಕೊನೆಯ ಸಲ ಗೊಣಗಿದ್ದು ಯಾವಾಗ?

ಹೋದ ಭಾನುವಾರ ಹೋಗಿದ್ದಳು. ಅಕ್ಕ ಚಹಾ ಕೊಟ್ಟಿದ್ದಳು, "ಹೂಂ", "ಸರಿ", "ಹೌದಾ" ಎಂದಿದ್ದಳು. ಅದರ ಹಿಂದಿನ ಭಾನುವಾರ? ಹೂಂ, ಸರಿ, ಹೌದಾ. ಹೋದ ವರ್ಷ ಇವಳು ಅಕ್ಕನ ಹೊಸ ಕತ್ತರಿಯನ್ನು ತಂದು ಕಳೆದುಹಾಕಿದಾಗ? ಆಗಲೂ "ಹೋಗಲಿ ಬಿಡು." ಚೀಟಿಯಮ್ಮ ವರ್ಷಗಳನ್ನು ಖಾನೆ ಖಾನೆಯಾಗಿ ಎಳೆದು ನೋಡಿದಳು. ಎಲ್ಲೂ ಒಂದು ಗೊಣಗು ಸಿಗಲಿಲ್ಲ. ಅಕ್ಕ ವಯಸ್ಸಾಗಿ ತಣ್ಣಗಾದಳು ಎಂದು ತಾನೇ ನಾಲ್ಕು ಜನರ ಮುಂದೆ ಹೇಳಿಕೊಂಡು ಹಾಯಾಗಿದ್ದದ್ದು ನೆನಪಾಯಿತು. ಊರವರ ಮಾತೆಲ್ಲ ಚೀಟಿಗೆ ಇಳಿಸುವವಳಿಗೆ ಮನೆಯವಳ ಮಾತು ನಿಂತದ್ದು ಗೊತ್ತಾಗಲಿಲ್ಲ. ದೀಪದ ಕೆಳಗೇ ಕತ್ತಲೆ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಅಲ್ಲಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಎದ್ದು ನೀರು ಕುಡಿದಳು. ಕಿಟಕಿ ತೆಗೆದಳು, ಮುಚ್ಚಿದಳು. ಕೊನೆಗೆ ಮೊಗಸಾಲೆಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ನಾನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಮೊದಲಾಗಿದ್ದರೆ ಇದೊಂದು ಮಾತಿಗೆ ಅರ್ಧ ಗಂಟೆ ಖಾತ್ರಿ. ಈಗ ಆ ಕಡೆ ಯಂತ್ರ ನಿಂತ ಸದ್ದಾಯಿತು.

"ಹೌದಾ? ತಿನ್ನು."

"ತಲೇನೂ ಸುತ್ತುತ್ತಾ ಇದೆ."

ಏನೋ ಬಾಯಿಗೆ ಬಂದದ್ದನ್ನು ಅಕ್ಕ ನುಂಗಿದಳು ಎಂದು ಈಗ, ಕಿವಿಗೊಟ್ಟು ಕೇಳಿದ್ದಕ್ಕೆ, ಗೊತ್ತಾಯಿತು.

"ಏನಾದ್ರೂ ತಿಂದು ಮಲಗು. ಸರಿ, ಇಡ್ತೀನಿ."

ಚೀಟಿಯಮ್ಮ ಒಳಗೆ ಬಂದು ಛತ್ರಿ, ಚೀಲ ತೆಗೆದುಕೊಂಡಳು. "ಮೇಷ್ಟ್ರೇ, ಐದರ ಒಳಗೆ ಫೋನಿನಲ್ಲಿ ಹೇಳ್ತೀನಿ. ವಿಚಾರಿಸಬೇಕು."

"ನಿಮ್ಮ ಅಕ್ಕನ ಬಗ್ಗೆ ನಿಮಗೇ ಗೊತ್ತಿಲ್ವೇ?" ಎಂದರು ಮೇಷ್ಟ್ರು. ಕುಹಕವೇನಲ್ಲ, ಅವರು ಎಲ್ಲವನ್ನೂ ಹಾಗೇ ಕೇಳುವವರು. ಆದರೆ ಮಾತು ನೆಟ್ಟಗೆ ಹೋಗಿ ಎದೆಗೆ ನಾಟಿತು.

ಹೊರಗೆ ಸಣ್ಣ ಮಳೆ. ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತಿತು, ಪ್ರತಿ ಸಲವೂ ಅವಳು ಗಡಿಯಾರ ನೋಡಿಕೊಂಡಳು. ದಾರಿಯಲ್ಲಿ ಅವಳು ಒಂದು ಉಪಾಯ ಮಾಡಿಕೊಂಡಳು. ಅಕ್ಕನ ಬಾಯಿಂದ ಒಂದೇ ಒಂದು ಗೊಣಗು ಹೊರಡಿಸಬೇಕು. ಒಂದು ಸಾಕು, ವಾಕ್ಯ ನಿಜವಾಗುತ್ತದೆ, ಮೇಷ್ಟ್ರಿಗೆ ಹೌದು ಅನ್ನಬಹುದು, ಎಲ್ಲ ಮೊದಲಿನ ಹಾಗೇ ಇದೆ ಎಂದು ತಾನೂ ನಂಬಬಹುದು. ಬುದ್ಧಿವಂತರು ಮಾಡುವ ದಡ್ಡ ಕೆಲಸಕ್ಕೆ ಲೆಕ್ಕವೇ ಇಲ್ಲ ನೋಡಿ.

ಅಕ್ಕನ ಮನೆಯ ಮುಂದಿನ ಕೋಣೆಯೇ ಹೊಲಿಗೆ ಕೋಣೆ. ಕಿಟಕಿಗೆ ತಾಗಿ ಯಂತ್ರ, ಎದುರಿಗೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಅಳತೆ ಟೇಪು, ಸೀಮೆಸುಣ್ಣದ ಡಬ್ಬಿ. ಸೂಜಿ ಚುಚ್ಚುವ ದಿಂಬಿನಲ್ಲಿ ಹತ್ತು ಹನ್ನೆರಡು ಸೂಜಿ ಸಾಲಾಗಿ ನಿಂತಿದ್ದವು, ಎಲ್ಲದಕ್ಕೂ ಆಗಲೇ ದಾರ ಪೋಣಿಸಿತ್ತು. ಇದನ್ನು ಚೀಟಿಯಮ್ಮ ಎಷ್ಟೋ ಭಾನುವಾರ ನೋಡಿದ್ದಳು. ಅಕ್ಕ ಅಚ್ಚುಕಟ್ಟು, ಅಷ್ಟೇ ಅಂದುಕೊಂಡಿದ್ದಳು.

"ಇವತ್ತು ಭಾನುವಾರ ಅಲ್ವಲ್ಲ," ಎಂದಳು ಅಕ್ಕ.

"ಸುಮ್ನೆ ಬಂದೆ," ಎನ್ನುತ್ತ ಚೀಟಿಯಮ್ಮ ಚಪ್ಪಲಿ ಕಾಲಲ್ಲೇ ಒಳಗೆ ನಡೆದಳು. ನೆಲದ ಮೇಲೆ ಕೆಸರಿನ ಹೆಜ್ಜೆ ಸಾಲಾಗಿ ಮೂಡಿತು. ಅಕ್ಕ ನೋಡಿದಳು. ಮೂಲೆಯಿಂದ ಒರೆಸುವ ಬಟ್ಟೆ ತಂದು ಒರೆಸಿದಳು.

ಚೀಟಿಯಮ್ಮ ಒದ್ದೆ ಛತ್ರಿಯನ್ನು ಕತ್ತರಿಸುವ ಮೇಜಿನ ಮೇಲೆ, ಯಾರದೋ ಬಿಳಿ ಬಟ್ಟೆಯ ಪಕ್ಕದಲ್ಲೇ ಇಟ್ಟಳು. ಚಿಕ್ಕಂದಿನಲ್ಲಿ ಇಂಥದ್ದಕ್ಕೆ ಬೆನ್ನ ಮೇಲೆ ಅಳತೆ ಕೋಲು ಬಿದ್ದದ್ದುಂಟು. ಅಕ್ಕ ಎದ್ದು ಛತ್ರಿಯನ್ನು ಬಾಗಿಲ ಹಿಂದೆ ನೇತುಹಾಕಿದಳು. ಬಿಳಿ ಬಟ್ಟೆಗೆ ಹನಿ ಸಿಡಿದಿದೆಯೇ ಎಂದು ಬೆರಳಿನಿಂದ ಸವರಿ ನೋಡಿದಳು. ತುಟಿ ಬಿಗಿಯಾಗಿತ್ತು.

ಚೀಟಿಯಮ್ಮ ಒಳಗೆ ಹೋಗಿ ಕೈ ತೊಳೆಯುವ ನೆಪ ಮಾಡಿ ನಲ್ಲಿಯನ್ನು ಅರ್ಧ ಬಿಟ್ಟು ಬಂದಳು. ನೀರು ಸುರಿಯುವ ಸದ್ದು ಎರಡು ನಿಮಿಷ ಮನೆತುಂಬ ಕೇಳಿತು. ಅಕ್ಕ ಹೋಗಿ ನಿಲ್ಲಿಸಿ ಬಂದಳು.

ಈಗ ಚೀಟಿಯಮ್ಮನಿಗೆ ಅಳು ಬರುವಂತಾಯಿತು, ಅದರ ಜೊತೆಗೆ ಸಿಟ್ಟೂ. ಬೈಯಬಾರದೇ ಇವಳು? ಗಂಟೆ ನಾಲ್ಕೂಕಾಲು. ಕೊನೆಯ ಅಸ್ತ್ರವೆಂಬಂತೆ ಪುಸ್ತಕ ತುಂಬಿದ ತನ್ನ ಭಾರದ ಚೀಲವನ್ನು ಯಂತ್ರಕ್ಕೂ ಬಾಗಿಲಿಗೂ ನಡುವೆ, ದಾರಿಗೆ ಸರಿಯಾಗಿ, ನೆಲದ ಮೇಲೆ ಬಿಟ್ಟಳು. ಅಕ್ಕ ಚಹಾಕ್ಕೆ ನೀರಿಡಲು ಎದ್ದಳು. ಚೀಲದ ಕಡೆಗೇ ನಡೆದಳು. ನೋಡುತ್ತಾಳೆ, ಈಗ ನೋಡುತ್ತಾಳೆ, ಈಗ ಬಾಯಿ ಬಿಡುತ್ತಾಳೆ ಎಂದು ತಂಗಿ ಕಾಯುತ್ತಿದ್ದ ಹಾಗೇ ಅಕ್ಕನ ಕಾಲು ಚೀಲಕ್ಕೆ ಸಿಕ್ಕಿ ಮೈ ಮುಂದಕ್ಕೆ ಬಿತ್ತು. ಕೈ ಯಂತ್ರದ ಅಂಚು ಹಿಡಿಯಿತು, ಮೊಣಕಾಲು ನೆಲಕ್ಕೆ ಬಡಿಯಿತು.

ಚೀಟಿಯಮ್ಮನ ಜೀವ ಬಾಯಿಗೆ ಬಂತು. ಓಡಿ ಹಿಡಿದುಕೊಂಡಳು.

"ಅಯ್ಯೋ ಅಕ್ಕ! ಎದುರಿಗೇ ಇತ್ತಲ್ಲ, ಕಾಣಲಿಲ್ವಾ?"

"ಎಡಗಡೆ ಇತ್ತು," ಎಂದಳು ಅಕ್ಕ, ಮೊಣಕಾಲು ತಿಕ್ಕಿಕೊಳ್ಳುತ್ತ. ಅಷ್ಟು ಹೇಳಿದರೆ ಎಲ್ಲ ಹೇಳಿದ ಹಾಗೆ ಎಂಬ ಧಾಟಿಯಲ್ಲಿ.

"ಎಡಗಡೆ ಇದ್ದರೆ?"

ಚೀಟಿಯಮ್ಮ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಅಕ್ಕನ ಬಲಗಣ್ಣನ್ನು ತನ್ನ ಅಂಗೈಯಿಂದ ಮುಚ್ಚಿ, ಇನ್ನೊಂದು ಕೈಯನ್ನು ಎದುರಿಗೆ ಹಿಡಿದಳು. "ಎಷ್ಟು ಬೆರಳು?"

"ಬಿಡೇ."

"ಎಷ್ಟು ಬೆರಳು ಅಕ್ಕ?"

"ನಿನ್ನ ಕೈ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ," ಎಂದಳು ಅಕ್ಕ. "ಮಸುಕು. ಎರಡು ವರ್ಷದಿಂದ."

ದಾರ ಪೋಣಿಸಿದ ಸೂಜಿಗಳ ಸಾಲಿನ ಕಡೆ ಚೀಟಿಯಮ್ಮ ನೋಡಿದಳು. ಬೆಳಿಗ್ಗೆ ಪಕ್ಕದ ಮನೆಯಾಕೆ ಬಂದು ಪೋಣಿಸಿ ಹೋಗುತ್ತಾಳೆ ಎಂದು ಅಕ್ಕನೇ ಹೇಳಿದಳು, ಯಂತ್ರಕ್ಕೂ ಅವಳೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಗಾದೆಯಿದೆ. ಈ ಹುಣ್ಣನ್ನು ವಾರ ವಾರವೂ ಕಣ್ಣೆದುರಿಗೆ ಇಟ್ಟುಕೊಂಡು ಚಹಾ ಕುಡಿದು ಹೋಗಿದ್ದಳು ಇವಳು.

"ಎರಡು ವರ್ಷ! ನನಗೆ ಯಾಕೆ ಹೇಳಲಿಲ್ಲ? ಪಕ್ಕದ ಮನೆಯವಳಿಗೆ ಗೊತ್ತು, ನನಗೆ ಗೊತ್ತಿಲ್ಲ!"

"ಹೇಳಿದ್ರೆ ಗೊಣಗಾಟ ಆಗ್ತಿತ್ತು," ಎಂದಳು ಅಕ್ಕ.

ಯಂತ್ರದ ಗಾಲಿ ಅವಳ ಕೈ ತಾಗಿ ಒಂದು ಸುತ್ತು ತಿರುಗಿ ನಿಂತಿತು. ಅಕ್ಕನ ಮಾತು ಮಾತ್ರ ನಿಲ್ಲಲಿಲ್ಲ.

"ನೀನು ಆ ಪುಸ್ತಕ ತಂದ ದಿನ ಇದೇ ಕುರ್ಚೀಲಿ ಕೂತು ಓದಿದೆ. ಇಂಗ್ಲಿಷು ನನಗೆ ಬರಲ್ಲ, ಕೆಳಗಡೆ ಇದ್ದದ್ದು ಓದಿದೆ. ಮುಗಿಯದ, ಬೇಸರ ತರುವ. ಊರ ಮಕ್ಕಳೆಲ್ಲ ಓದೋ ಪುಸ್ತಕ. ನೀನು ಕುಣೀತಾ ಇದ್ದೆ, ನಾನೂ ನಕ್ಕೆ. ಆಮೇಲೆ ಯೋಚನೆ ಮಾಡಿದೆ. ಸುಳ್ಳು ಬರೆಯೋ ಹುಡುಗಿ ಅಲ್ಲ ಇವಳು, ಇವಳ ಆಫೀಸಿನಲ್ಲಿ ಸುಳ್ಳು ಬರೆಯೋ ಹಾಗೂ ಇಲ್ಲ. ಬೇಸರ ಆಗಿದೆ ಅಂದ್ರೆ ಆಗಿದೆ. ಮುಗಿಯಲ್ಲ ಅಂತ ಬರೆದಿದ್ದಾಳಲ್ಲ, ಮುಗಿಸಿ ತೋರಿಸ್ತೀನಿ ಅಂತ ಮುಗಿಸಿದೆ."

"ಅದು ತಮಾಷೆಗೆ ಬರೆದದ್ದು ಅಕ್ಕ."

"ಗೊತ್ತು. ತಮಾಷೆ ಅಂತ ಗೊತ್ತಾಗೋಕೆ ನನಗೆ ನಾಲ್ಕು ವರ್ಷ ಬೇಕಾಯ್ತು. ಅಷ್ಟು ಹೊತ್ತಿಗೆ ಬಾಯಿ ಮುಚ್ಚಿಕೊಂಡೇ ಇರೋದು ರೂಢಿ ಆಗಿತ್ತು. ಕಣ್ಣು ಮಸುಕಾದಾಗ ನಿನಗೆ ಹೇಳೋಣ ಅಂತ ಎರಡು ಮೂರು ಸಲ ಬಾಯಿ ತೆಗೆದೆ. ನೀನು ಆವತ್ತೂ ಗಡಿಯಾರ ನೋಡ್ತಾ ಇದ್ದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತಾದರೂ ಗಾಳಿಗೆ ಹೋಗುತ್ತದೆ. ಇವಳು ತನ್ನದನ್ನು ಅಚ್ಚು ಹಾಕಿಸಿ, ರಟ್ಟು ಕಟ್ಟಿಸಿ, ಕೈಯಾರೆ ತಂದು ಅಕ್ಕನ ಮಡಿಲಲ್ಲಿ ಇಟ್ಟಿದ್ದಳು. ಚೀಟಿಯಮ್ಮ ನೆಲದ ಮೇಲೆ ಕೂತು ಅಕ್ಕನ ಮೊಣಕಾಲಿಗೆ ತಲೆಯಾನಿಸಿ ಅತ್ತಳು. ಅಕ್ಕ ಅವಳ ತಲೆಯ ಮೇಲೆ ಕೈಯಿಟ್ಟಳು. ಕೂದಲಿನ ಸಿಕ್ಕು ಬೆರಳಿಗೆ ಸಿಕ್ಕಿದರೂ ಅದರ ಬಗ್ಗೆ ಏನೂ ಅನ್ನಲಿಲ್ಲ.

ಐದಕ್ಕೆ ಹತ್ತು ನಿಮಿಷ ಇರುವಾಗ ಫೋನ್ ಬಂತು.

"ಗಾಡಿ ಬಂದಿದೆ ಚೀಟಿಯಮ್ಮ," ಎಂದರು ಮೇಷ್ಟ್ರು. "ಈಗಲೂ ನಿಜವೇ?"

"ಸುಳ್ಳು ಮೇಷ್ಟ್ರೇ. ಪುಸ್ತಕ ಅಚ್ಚಾದ ದಿನದಿಂದ ಸುಳ್ಳು. ಹೊಡೆದುಹಾಕಿ."

"ಬದಲಿಗೆ? ಉದಾಹರಣೆ ಇಲ್ಲದೆ ಒಂದು ಅರ್ಥವೂ ಇಲ್ಲಿಂದ ಹೊರಗೆ ಹೋಗಿಲ್ಲ. ನಿಮಗೆ ಗೊತ್ತಲ್ಲ."

ಅವಳಿಗೆ ಗೊತ್ತಿತ್ತು. ಚೀಲದಲ್ಲಿ ಖಾಲಿ ಚೀಟಿಗಳೂ ಇದ್ದವು. ಆ ಹೊತ್ತಿನಲ್ಲಿ ಅವಳ ಬಾಯಿಗೆ ಯಾವ ವಾಕ್ಯವೂ ಬರಲಿಲ್ಲ, ಬಂದಿದ್ದರೂ ಬರೆಯುತ್ತಿರಲಿಲ್ಲ. "ಹಾಗೇ ಬಿಡಿ. ಖಾಲಿ ಹೋಗಲಿ."

ಆ ಕಡೆ ಮೇಷ್ಟ್ರು ಪೆನ್ಸಿಲ್ ಎಳೆದ ಸದ್ದಾಯಿತು. ಆಮೇಲೆ, "ಖಾಲಿ ಅನ್ನೋದು ನಿಜವೇ?" ಎಂದು ಕೇಳಿದರು. ನಿಜ ಎಂದಳು. ಹಾಗಾದರೆ ಸರಿ ಎಂದು ಅವರು ಫೋನ್ ಇಟ್ಟರು.

ಮಾರನೆಯ ದಿನ ಬೆಳಿಗ್ಗೆಯೇ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಅಕ್ಕನ ಗಲ್ಲವನ್ನು ಒಂದು ಪಟ್ಟಿಯ ಮೇಲೆ ಇರಿಸಿ, ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದರು. ಕಣ್ಣಿನ ಒಳಗೆ ಒತ್ತಡ ಏರಿದೆ ಎಂದರು. ಎಡಗಣ್ಣಿನಲ್ಲಿ ಹೋದದ್ದು ಹೋಯಿತು, ಅದು ಬರುವುದಿಲ್ಲ. ಬಲಗಣ್ಣಿನಲ್ಲೂ ಶುರುವಾಗಿದೆ, ಅದನ್ನು ಹನಿ ಹಾಕಿ ಉಳಿಸಿಕೊಳ್ಳಬಹುದು.

"ಎರಡು ವರ್ಷ ಮೊದಲೇ ಬಂದಿದ್ದರೆ," ಎಂದು ಶುರು ಮಾಡಿದ ಡಾಕ್ಟರು ಚೀಟಿಯಮ್ಮನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

"ಹನಿ ಎಷ್ಟು ದಿನ ಹಾಕ್ಬೇಕು?" ಎಂದು ಕೇಳಿದಳು ಅಕ್ಕ.

"ದಿನಾ ಎರಡು ಹೊತ್ತು. ಇರೋವರೆಗೂ."

ಬೆಳಗಿನ ಹನಿ ಪಕ್ಕದ ಮನೆಯಾಕೆ, ಸೂಜಿಗೆ ದಾರ ಪೋಣಿಸಲು ಬಂದಾಗ. ಸಂಜೆಯದು ತನ್ನದೇ ಎಂದು ಚೀಟಿಯಮ್ಮ ಪಟ್ಟು ಹಿಡಿದಳು. ಕಚೇರಿ ಬಿಟ್ಟವಳು ದಿನವೂ ನೆಟ್ಟಗೆ ಅಕ್ಕನ ಮನೆಗೆ. ಮೊದಲ ವಾರ ಅಕ್ಕ ತಲೆ ಹಿಂದಕ್ಕೆ ಒರಗಿಸಿ ಪೂರಾ ಮೌನ. ಹನಿ ರೆಪ್ಪೆಯ ಮೇಲೆ ಬಿದ್ದರೂ ಮೌನ, ಕೆನ್ನೆಗೆ ಇಳಿದರೂ ಮೌನ. ಬೈ ಅಕ್ಕ ಎಂದು ಕೇಳಿಕೊಂಡರೆ ಬರುತ್ತದೆಯೇ ಬೈಗುಳ? ಅಂಗಡಿಯಲ್ಲಿ ಸಿಗುವ ವಸ್ತುವೇ ಅದು? ಚೀಟಿಯಮ್ಮ ದಿನವೂ ಬರುತ್ತಿದ್ದಳು, ಹನಿ ಹಾಕುತ್ತಿದ್ದಳು, ಹೋಗುತ್ತಿದ್ದಳು.

ಹನ್ನೊಂದನೆಯ ಸಂಜೆ ಮೂರು ಹನಿ ಗುರಿ ತಪ್ಪಿದವು. ನಾಲ್ಕನೆಯದು ನೇರವಾಗಿ ಅಕ್ಕನ ಕಿವಿಗೆ.

"ಕಣ್ಣು ಎಲ್ಲಿರುತ್ತೆ ಅಂತ ನಿಮ್ಮ ಪುಸ್ತಕದಲ್ಲಿ ಬರೆದಿಲ್ವಾ?" ಎಂದಳು ಅಕ್ಕ.

ಸೀಸೆ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

"ಏನು ನೋಡ್ತಾ ನಿಂತಿದ್ದೀಯ? ಹನಿ ಹಾಕು. ಕೈ ತೊಳ್ಕೊಂಡ್ಯಾ? ಮಸಿ ವಾಸನೆ ಬರ್ತಾ ಇದೆ. ಆ ಛತ್ರಿ ಯಾಕೆ ಮತ್ತೆ ಮೇಜಿನ ಮೇಲೆ? ಆವತ್ತೇ ಹೇಳೋಣ ಅಂತಿದ್ದೆ. ಯಾರದೋ ಮದುವೆ ಬಟ್ಟೆ ಅದು, ನೀರು ಸಿಡಿದಿದ್ರೆ ಯಾರು ಹೊಣೆ? ತಲೆ ನೋಡು, ಕಾಗೆ ಗೂಡು. ಬೇಕು ಅಂತಾನೇ ದಾರೀಲಿ ಚೀಲ ಇಟ್ಟೆ ಅಲ್ವಾ ನೀನು? ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯ? ಒಂದು ಕಣ್ಣು ಹೋದ್ರೆ ಬುದ್ಧೀನೂ ಹೋಗುತ್ತಾ?"

"ಹೂಂ," ಎಂದಳು ಚೀಟಿಯಮ್ಮ. "ಸರಿ," ಎಂದಳು. "ಹೌದು ಅಕ್ಕ." ಕಣ್ಣೀರು ಗಲ್ಲಕ್ಕೆ ಇಳಿಯುತ್ತಿತ್ತು, ಒರೆಸಿಕೊಂಡರೆ ಅಕ್ಕ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ಒರೆಸಿಕೊಳ್ಳಲಿಲ್ಲ. ಐದನೆಯ ಹನಿ ಸರಿಯಾಗಿ ಬಲಗಣ್ಣಿಗೆ ಬಿತ್ತು. ಅಕ್ಕ ಕಣ್ಣು ಮುಚ್ಚಿದಳು, ಮಾತು ನಿಂತಿತು.

ಒಂದು ನಿಮಿಷವಾಯಿತು. ಯಂತ್ರದ ಪಕ್ಕದ ಗಡಿಯಾರ ಮಾತ್ರ ಕೇಳುತ್ತಿತ್ತು. ಚೀಟಿಯಮ್ಮನಿಗೆ ತಡೆಯಲಾಗಲಿಲ್ಲ.

"ಅಕ್ಕಾ, ಯಾಕೆ ಸುಮ್ಮನಾದೆ? ಅಕ್ಕಾ?"

ಅಕ್ಕ ಮುಖ ಕಿವುಚಿ ನುಂಗಿದಳು. "ಕಣ್ಣಿಗೆ ಹಾಕಿದ ಹನಿ ಮೂಗಿಂದ ಗಂಟಲಿಗೆ ಇಳೀತು," ಎಂದಳು. "ಥೂ, ಕಹಿ. ನಾಳೆ ಬರೋವಾಗ ಏನಾದ್ರೂ ಸಿಹಿ ತಗೊಂಡು ಬಾ, ಬರೀ ಕೈ ಬೀಸಿಕೊಂಡು ಬರಬೇಡ."